ಕಚ್ಚುನೊಣಗಳ ಅಲರ್ಜಿ: ಪಂಚವಟಿ ಮತ್ತು ಗೋದಾವರಿ ತೀರ

ರಕ್ತ ಹೀರುವ ನೊಣ, ನುಸಿ, ಸೊಳ್ಳೆಗಳು ಕಚ್ಚುವಾಗ ಚರ್ಮದೊಳಕ್ಕೆ ಜೊಲ್ಲು ಬಿಡುತ್ತವೆ. ಆ ಜೊಲ್ಲಿಗೆ ಮೈ ಅಳತೆ ಮೀರಿ ಪ್ರತಿಕ್ರಿಯಿಸುವುದನ್ನು ಕಚ್ಚುನೊಣಗಳ ಅಲರ್ಜಿ ಎನ್ನುತ್ತಾರೆ. ಹೆಚ್ಚಿನವರಲ್ಲಿ ಇದು ಒಂದೆರಡು ದಿನದ ತುರಿಕೆ, ಗುಳ್ಳೆಗಳಲ್ಲಿ ಮುಗಿಯುತ್ತದೆ. ಕೆಲವರಿಗೆ ಕೈಯೋ ಕಾಲೋ ಪೂರ್ತಿ ಊದಿಕೊಳ್ಳುತ್ತದೆ. ತೀರ ಅಪರೂಪಕ್ಕೆ ಕೆಲವೇ ನಿಮಿಷಗಳಲ್ಲಿ ಉಸಿರು ಕಟ್ಟಿ, ರಕ್ತದೊತ್ತಡ ಕುಸಿದು ಜೀವಕ್ಕೆ ಕುತ್ತು ಬರುತ್ತದೆ. ಈ ಮೂರರಲ್ಲಿ ಯಾವುದು ಯಾವುದೆಂದು ಬೇರ್ಪಡಿಸಿ ನೋಡಲು ಬಂದರೆ ಅರ್ಧ ಕೆಲಸ ಆದಂತೆಯೇ.

ರಾಮ, ಸೀತೆ ವನವಾಸದಲ್ಲಿ ನೆಲೆಸಿದರೆಂಬ ಪಂಚವಟಿಯ ಹೆಸರಿನ ಜೊತೆ ಈ ನೊಣಗಳ ನಂಟು ಬಲು ಹಳೆಯದು. ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡದಲ್ಲಿ, ತಾನೂ ಕಾಡಿಗೆ ಬರುವೆನೆಂದು ಹಟ ಹಿಡಿದ ಸೀತೆಯನ್ನು ತಡೆಯಲು ರಾಮ ವನವಾಸದ ಕಷ್ಟಗಳನ್ನು ಒಂದೊಂದಾಗಿ ಎಣಿಸುತ್ತಾನೆ. ಸಿಂಹದ ಗರ್ಜನೆ, ಮೊಸಳೆ ತುಂಬಿದ ಹೊಳೆ, ಹಾವುಗಳ ಸಾಲಿನಲ್ಲೇ ದಂಶ ಮತ್ತು ಮಶಕಗಳ ಕಾಟವೂ ಬರುತ್ತದೆ. ಮಶಕ ಸೊಳ್ಳೆ; ದಂಶಕ್ಕೆ ಅಮರಕೋಶ ಕೊಡುವ ಅರ್ಥ ಕಾಡುನೊಣ. ಸುಶ್ರುತಸಂಹಿತೆಯ ಕಲ್ಪಸ್ಥಾನ ಆರು ಬಗೆಯ ನೊಣಗಳನ್ನೂ ಐದು ಬಗೆಯ ಸೊಳ್ಳೆಗಳನ್ನೂ ಹೆಸರಿಸಿ, ನೊಣ ಕಚ್ಚಿದರೆ ತುರಿ, ಬಾವು, ಉರಿ ಬರುತ್ತವೆಂದೂ ಆರರಲ್ಲಿ ಎರಡರ ಕಡಿತ ಮಾತ್ರ ಕೆಡುಕಿನದೆಂದೂ ಹೇಳುತ್ತದೆ. ಸಾಧಾರಣ ಕಡಿತ ಮತ್ತು ಅಪಾಯದ ಕಡಿತವನ್ನು ಬೇರೆ ಬೇರೆಯಾಗಿ ಕಂಡದ್ದು ಆ ವೈದ್ಯರ ಸೂಕ್ಷ್ಮ. ಅಪಾಯ ನೊಣದ ಜಾತಿಗಿಂತ ಕಚ್ಚಿಸಿಕೊಂಡವರ ಮೈಗುಣದಲ್ಲಿ ಹೆಚ್ಚಾಗಿ ಇರುತ್ತದೆಂಬ ಅರಿವು ಬಂದದ್ದು ಇಪ್ಪತ್ತನೆಯ ಶತಮಾನದಲ್ಲಿ.

ನೆಲ, ನೀರು, ಜನ

ಇಂದಿನ ಪಂಚವಟಿ ನಾಸಿಕ ನಗರದೊಳಗೆ ಗೋದಾವರಿಯ ಎಡದಂಡೆಯ ಮೇಲಿದೆ. ರಾಮಕುಂಡ, ಕಾಳಾರಾಮ ಮಂದಿರ, ಸೀತಾಗುಂಫಾ ಇಲ್ಲಿವೆ. ಸ್ವಲ್ಪ ಕೆಳಗೆ ತಪೋವನ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೆಸರಿಸಿದ ಹೊಳೆ ಇದೇ. ಇಂದೂ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕುಟುಂಬಗಳು ಶಿರಡಿ, ತ್ರ್ಯಂಬಕೇಶ್ವರ, ಪಂಚವಟಿ, ಎಲ್ಲೋರಗಳನ್ನು ಒಂದೇ ಸುತ್ತಿನಲ್ಲಿ ನೋಡಿಕೊಂಡು ಬರುತ್ತವೆ. ಹೀಗೆ ಬರುವವರಲ್ಲಿ ಹೊಸ ಊರಿನ ನೊಣಕ್ಕೆ ಮೈ ಒಗ್ಗದ ಮಕ್ಕಳೂ ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರೂ ಇರುತ್ತಾರೆ. ಇಬ್ಬರ ಮಾತೂ ಮುಂದೆ ಬರುತ್ತದೆ.

ಗೋದಾವರಿ ಹುಟ್ಟುವ ಬ್ರಹ್ಮಗಿರಿ ಇಲ್ಲಿಂದ ಸುಮಾರು 30 ಕಿ.ಮೀ. ಪಶ್ಚಿಮಕ್ಕಿದೆ. ಅಲ್ಲಿ ಘಟ್ಟದ ಅಂಚಿನ ಹರಿಯುವ ತೊರೆಗಳು. ನಾಸಿಕದಿಂದ ಕೆಳಗೆ ನಿಫಾಡ ತಾಲ್ಲೂಕಿನಲ್ಲಿ ನಾಂದೂರ್ ಮಧಮೇಶ್ವರದ ಜೌಗುನೆಲ. 2020ರಲ್ಲಿ ಮಹಾರಾಷ್ಟ್ರದ ಮೊದಲ ರಾಮ್ಸಾರ್ ತಾಣವೆಂದು ಗುರುತಿಸಿದ್ದು ಇದನ್ನೇ. ಇನ್ನೂ ಕೆಳಗೆ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣದಲ್ಲಿ, ಜಾಯಕವಾಡಿ ಜಲಾಶಯದ ಉದ್ದನೆಯ ಕೆಸರಂಚು. ನಡುವೆಲ್ಲ ದ್ರಾಕ್ಷಿ ತೋಟ, ಈರುಳ್ಳಿ ಹೊಲ, ದನದ ಕೊಟ್ಟಿಗೆ, ಗೊಬ್ಬರದ ತಿಪ್ಪೆ. ಹರಿಯುವ ನೀರು, ನಿಂತ ಕೆಸರು, ಕೊಳೆಯುವ ಹುಲ್ಲು ಮತ್ತು ಸಗಣಿ ಮೂರೂ ಒಂದೇ ನದಿಯ ದಾರಿಯಲ್ಲಿ ಸಿಕ್ಕರೆ ಕಚ್ಚುನೊಣಗಳ ಬಹುತೇಕ ಎಲ್ಲ ಕುಲಕ್ಕೂ ಅಲ್ಲಿ ನೆಲೆ ಸಿಗುತ್ತದೆ.

ಕಾಲವೂ ಅವಕ್ಕೆ ಅನುಕೂಲವಾಗಿ ಒದಗುತ್ತದೆ. ತ್ರ್ಯಂಬಕದ ಬ್ರಹ್ಮಗಿರಿ ಪ್ರದಕ್ಷಿಣೆ ಶ್ರಾವಣದ ಮೂರನೆಯ ಸೋಮವಾರ ಜೋರು. ಸಾವಿರಾರು ಜನ ರಾತ್ರಿಯಿಡೀ ಒದ್ದೆ ಕಾಡುದಾರಿಯಲ್ಲಿ, ಎಷ್ಟೋ ಮಂದಿ ಬರಿಗಾಲಿನಲ್ಲಿ, ಬೆಟ್ಟ ಸುತ್ತುತ್ತಾರೆ. ಹನ್ನೆರಡು ವರ್ಷಕ್ಕೊಮ್ಮೆ ಬರುವ ಸಿಂಹಸ್ಥ ಕುಂಭಮೇಳದ ದೊಡ್ಡ ಸ್ನಾನಗಳೂ ಮಳೆಗಾಲದಲ್ಲೇ. ಕಳೆದ ಮೇಳ 2015ರಲ್ಲಿ ನಡೆಯಿತು, ಮುಂದಿನದು 2026-27ರಲ್ಲಿ. ಮನುಷ್ಯ ಮೈ ತೆರೆದು ನದಿಗಿಳಿಯುವ ದಿನಗಳೂ ನೊಣ ಹೆಚ್ಚುವ ದಿನಗಳೂ ಇಲ್ಲಿ ಒಂದೇ.

ಕಚ್ಚುವವು ಯಾವುವು

ಮರಾಠಿಯಲ್ಲಿ ಗೋಮಾಶೀ, ನಮ್ಮಲ್ಲಿ ದನದ ನೊಣ ಅಥವಾ ಕುದುರೆನೊಣ ಎಂದು ಕರೆಯುವುದು ಇವುಗಳಲ್ಲಿ ದೊಡ್ಡದು. ಒಂದರಿಂದ ಎರಡೂವರೆ ಸೆಂ.ಮೀ. ಉದ್ದವಿದ್ದು, ದೊಡ್ಡ ಹೊಳೆಯುವ ಕಣ್ಣುಗಳಿರುತ್ತವೆ. ಇದು ಸೊಳ್ಳೆಯಂತೆ ಸೂಜಿ ಚುಚ್ಚುವುದಿಲ್ಲ. ಕತ್ತಿಯಂಥ ಬಾಯಂಗಗಳಿಂದ ಚರ್ಮ ಕುಯ್ದು, ಒಸರಿದ ರಕ್ತವನ್ನು ನೆಕ್ಕುತ್ತದೆ. ಆದ್ದರಿಂದ ಕಚ್ಚಿದ ಕ್ಷಣವೇ ನೋವು, ಆಮೇಲೆ ರಕ್ತದ ಹನಿ. ಹಗಲು ಬಿಸಿಲಿನಲ್ಲಿ, ಕೆಸರಿನ ದಂಡೆಯ ಹತ್ತಿರ, ಕಡು ಬಣ್ಣದ ಚಲಿಸುವ ವಸ್ತುವನ್ನು ಬೆನ್ನಟ್ಟಿ ಬರುವುದು ಇದರ ಸ್ವಭಾವ.

ಕೊಟ್ಟಿಗೆ ನೊಣ ನೋಡಲು ಮನೆನೊಣದಂತೆಯೇ ಇರುತ್ತದೆ. ತಲೆಯಿಂದ ಮುಂದಕ್ಕೆ ಚಾಚಿದ ಗಟ್ಟಿ ಮೊನೆಯೊಂದೇ ವ್ಯತ್ಯಾಸ. ಮನೆನೊಣಕ್ಕೆ ಕಚ್ಚಲು ಬರುವುದಿಲ್ಲ. ‘ಮಳೆಗಾಲದಲ್ಲಿ ನೊಣವೂ ಕಚ್ಚುತ್ತದೆ’ ಎಂದು ಹಳ್ಳಿಯವರು ಹೇಳುವಾಗ ಅವರ ಕಾಲ ಹರಡಿನ ಮೇಲೆ ಕೂತದ್ದು ಬಹುಮಟ್ಟಿಗೆ ಈ ಕೊಟ್ಟಿಗೆ ನೊಣವೇ. ಉಳಿದ ಹೆಚ್ಚಿನ ಕುಲಗಳಲ್ಲಿ ಹೆಣ್ಣು ಮಾತ್ರ ರಕ್ತ ಹೀರಿದರೆ ಇದರಲ್ಲಿ ಗಂಡೂ ಹೀರುತ್ತದೆ.

ಹರಿಯುವ ತೊರೆಯ ಕಲ್ಲಿಗೆ ಅಂಟಿ ಬೆಳೆಯುವ ಮರಿಗಳಿಂದ ಏಳುವುದು ಕರಿನೊಣ, ಎರಡರಿಂದ ಐದು ಮಿ.ಮೀ. ಗಾತ್ರದ ಗೂನುಬೆನ್ನಿನ ಪುಟ್ಟ ಜೀವಿ. ಡಾರ್ಜಿಲಿಂಗ್ ಕಡೆಯ ಬೆಟ್ಟಗಳಲ್ಲಿ ಇದನ್ನು ಪಿಪ್ಸಾ ಎನ್ನುತ್ತಾರೆ. ಕಚ್ಚಿದಾಗ ತಿಳಿಯುವುದೇ ಇಲ್ಲ. ಗಂಟೆಗಳ ನಂತರ ನಡುವೆ ರಕ್ತಚುಕ್ಕೆಯಿರುವ ಗುಳ್ಳೆ ಏಳುತ್ತದೆ. ಒದ್ದೆ ಸಗಣಿ, ಕೆಸರುಗಳಲ್ಲಿ ಹುಟ್ಟುವ ನುಸಿ ಇನ್ನೂ ಚಿಕ್ಕದು, ಒಂದರಿಂದ ಮೂರು ಮಿ.ಮೀ.; ಮುಂಜಾನೆ ಮತ್ತು ಮುಸ್ಸಂಜೆ ಮೋಡದಂತೆ ಮುತ್ತುತ್ತದೆ. ಗೋಡೆಯ ಬಿರುಕು, ಕತ್ತಲೆ ಕೊಟ್ಟಿಗೆಗಳ ಮರಳುನೊಣ ಇರುಳಿನಲ್ಲಿ ಸದ್ದಿಲ್ಲದೆ ಕುಪ್ಪಳಿಸುತ್ತ ಬರುತ್ತದೆ. ದನ, ನಾಯಿಗಳ ಮೈಗೆ ಚಪ್ಪಟೆಯಾಗಿ ಅಂಟಿರುವ ತೊಣಚಿ ಮನುಷ್ಯನನ್ನು ಕಚ್ಚುವುದು ಅಪರೂಪ.

ಈ ನೊಣಗಳು ಹರಡುವ ರೋಗಗಳ ಕಥೆ ಬೇರೆ, ಅಲರ್ಜಿಯ ಕಥೆ ಬೇರೆ. ಮರಳುನೊಣ ಹರಡುವ ಚಾಂದಿಪುರ ವೈರಸ್ಸಿಗೆ ಆ ಹೆಸರು ಬಂದದ್ದು ನಾಗಪುರ ಜಿಲ್ಲೆಯ ಹಳ್ಳಿಯಿಂದ, 1965ರಲ್ಲಿ. ದನದ ನೊಣ ಕುದುರೆ, ಒಂಟೆ, ದನಗಳಿಗೆ ತರುವ ಸುರ್ರಾ ಕಾಯಿಲೆ ಚಂದ್ರಪುರ ಜಿಲ್ಲೆಯ ಒಬ್ಬ ರೈತನಿಗೆ ತಗುಲಿದ್ದು 2005ರಲ್ಲಿ ವೈದ್ಯಲೋಕಕ್ಕೆ ವರದಿಯಾಗಿ ಅಚ್ಚರಿ ಹುಟ್ಟಿಸಿತು. ರೋಗಾಣು ಮೈಯಲ್ಲಿ ಬೆಳೆಯಲು ದಿನಗಳು ಬೇಕು. ಕಚ್ಚಿದ ಕೆಲವು ದಿನ ಕಳೆದು ಜ್ವರ ಬಂದರೆ ಅದನ್ನು ಅಲರ್ಜಿ ಎಂದು ತಳ್ಳಿಹಾಕದೆ ವೈದ್ಯರ ಬಳಿ ಹೋಗಬೇಕು.

ಜೊಲ್ಲು ಮಾಡುವ ಕೆಲಸ

ಗಾಯವಾದರೆ ರಕ್ತ ಹೆಪ್ಪುಗಟ್ಟುವುದು ಮೈಯ ಗುಣ. ಹೆಪ್ಪುಗಟ್ಟಿದರೆ ನೊಣಕ್ಕೆ ಊಟವಿಲ್ಲ. ಹೀಗಾಗಿ ಅದರ ಜೊಲ್ಲಿನಲ್ಲಿ ಹೆಪ್ಪು ತಡೆಯುವ, ರಕ್ತನಾಳ ಹಿಗ್ಗಿಸುವ, ಚರ್ಮದ ಜೀವಕೋಶಗಳ ನಡುವಣ ಅಂಟನ್ನು ಕರಗಿಸುವ ಪ್ರೋಟೀನುಗಳಿವೆ. ಇವು ಹೊರಗಿನವೆಂದು ದೇಹ ಗುರುತು ಹಿಡಿದು, ಕೆಲವರಲ್ಲಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮುಂದೊಮ್ಮೆ ಅದೇ ಜೊಲ್ಲು ಸೇರಿದಾಗ ಮಾಸ್ಟ್ ಕೋಶಗಳು ಒಡೆದು ಹಿಸ್ಟಮಿನ್ ಸುರಿಸುತ್ತವೆ. ಚರ್ಮದಲ್ಲಷ್ಟೇ ಸುರಿದರೆ ಗುಳ್ಳೆ, ಮೈಯೆಲ್ಲ ಸುರಿದರೆ ಆಘಾತ. ಈ ಆಘಾತಕ್ಕೆ ಅನಾಫಿಲ್ಯಾಕ್ಸಿಸ್ ಎಂದು ಹೆಸರಿಟ್ಟವರು ಫ್ರಾನ್ಸಿನ ಪೋರ್ತಿಯೆ ಮತ್ತು ರಿಶೆ, 1902ರಲ್ಲಿ. ರಿಶೆಗೆ ಅದಕ್ಕಾಗಿ 1913ರ ನೊಬೆಲ್ ಬಂತು. ಐಜಿಇ ಪತ್ತೆಯಾಗಲು ಇನ್ನೂ ಅರ್ಧ ಶತಮಾನ ಹಿಡಿಯಿತು.

ಊರಿನ ಗೌಳಿಗಳ ಮಗು ದಿನವೆಲ್ಲ ದನದ ನಡುವೆ ಓಡಾಡಿದರೂ ಅದರ ಮೈಮೇಲೆ ಒಂದು ಗುಳ್ಳೆ ಕಾಣದು; ಯಾತ್ರೆಗೆ ಬಂದ ಮಗುವಿಗೆ ಅದೇ ಊರಿನ ಘಾಟಿನಲ್ಲಿ (ಸ್ನಾನದ ಮೆಟ್ಟಿಲ ಮೇಲೆ) ಅರ್ಧ ಗಂಟೆ ಕೂತರೆ ಕಾಲು ಊದುತ್ತದೆ. ಇದಕ್ಕೆ ವಿವರಣೆ ಕೊಟ್ಟವರು ಬ್ರಿಟಿಷ್ ಕೀಟವಿಜ್ಞಾನಿ ಕೆನೆತ್ ಮೆಲನ್‌ಬಿ. ಸೊಳ್ಳೆ ಕಡಿತಕ್ಕೆ ಮನುಷ್ಯನ ಮೈ ಐದು ಹಂತಗಳಲ್ಲಿ ಬದಲಾಗುತ್ತದೆಂದು ಅವರು 1946ರಲ್ಲಿ ಬರೆದರು. ಮೊದಮೊದಲು ಏನೂ ಆಗದು. ಆಮೇಲೆ ಒಂದು ದಿನ ತಡವಾಗಿ ಗುಳ್ಳೆ ಏಳುತ್ತದೆ. ಮೂರನೆಯ ಹಂತದಲ್ಲಿ ತಕ್ಷಣದ ದದ್ದೂ ತಡವಾದ ಗುಳ್ಳೆಯೂ ಸೇರಿ ಬರುತ್ತವೆ. ನಂತರ ತಕ್ಷಣದ ದದ್ದು ಮಾತ್ರ. ಕಚ್ಚಿಸಿಕೊಳ್ಳುತ್ತಲೇ ಹೋದರೆ ಕೊನೆಗೆ ಮತ್ತೆ ಏನೂ ಇಲ್ಲ. ಗೌಳಿಗಳ ಮಗು ಕೊನೆಯ ಹಂತ ಮುಟ್ಟಿರುತ್ತದೆ, ಯಾತ್ರಿಕರ ಮಗು ನಡುವಿನಲ್ಲಿರುತ್ತದೆ. ‘ಪಟ್ಟಣದ ಮಕ್ಕಳ ಮೈ ನಾಜೂಕು’ ಎಂಬ ಮಾತಿನ ಹಿಂದಿರುವ ನಿಜ ಇಷ್ಟೇ.

ಕುದುರೆಗಳಿಗೂ ಈ ಅಲರ್ಜಿ ಉಂಟು. ಮಳೆ ಮುಗಿಯುವ ಹೊತ್ತಿಗೆ ಕೆಲವು ಕುದುರೆಗಳು ಕುತ್ತಿಗೆಯ ಕೂದಲು, ಬಾಲದ ಬುಡವನ್ನು ಕಂಬಕ್ಕೆ ಉಜ್ಜಿ ಉಜ್ಜಿ ಹುಣ್ಣು ಮಾಡಿಕೊಳ್ಳುತ್ತವೆ. ಇದು ಕಜ್ಜಿಯಲ್ಲ, ನುಸಿಯ ಜೊಲ್ಲಿನ ಅಲರ್ಜಿ ಎಂದು 1950ರ ದಶಕದಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ತೋರಿಸಿಕೊಟ್ಟರು. ಜಟಕಾ ಕುದುರೆಗೆ ಕಜ್ಜಿಯ ಔಷಧಿ ಹಚ್ಚಿ ಹಚ್ಚಿ ಸೋತವರಿಗೆ ಇದು ಉಪಯೋಗದ ಮಾತು.

ಗುರುತಿಸುವ ಬಗೆ

ಕಚ್ಚಿದ ಜಾಗದಲ್ಲಿ ಒಂದೆರಡು ಸೆಂ.ಮೀ. ಅಗಲದ ದದ್ದು ಎದ್ದು, ತುರಿಸಿ, ಎರಡು ಮೂರು ದಿನಗಳಲ್ಲಿ ಇಳಿದರೆ ಅದು ಎಲ್ಲರಿಗೂ ಆಗುವ ಸಹಜ ಪ್ರತಿಕ್ರಿಯೆ. ಊತ 10 ಸೆಂ.ಮೀ. ದಾಟಿ ಪಕ್ಕದ ಕೀಲಿನ ತನಕ ಹಬ್ಬಿದರೆ ಅದನ್ನು ದೊಡ್ಡ ಸ್ಥಳೀಯ ಪ್ರತಿಕ್ರಿಯೆ ಎನ್ನುತ್ತಾರೆ. ಕಣ್ಣಿನ ಹತ್ತಿರ ಕಚ್ಚಿದ್ದರೆ ಬೆಳಗಾಗುವುದರೊಳಗೆ ರೆಪ್ಪೆ ಮುಚ್ಚಿಹೋಗಬಹುದು. ಸೊಳ್ಳೆ ಕಚ್ಚಿ ಮಕ್ಕಳಿಗೆ ಹೀಗೆ ಊತದ ಜೊತೆ ಜ್ವರವೂ ಬರುವುದನ್ನು ಕೆನಡಾದ ಸೈಮನ್ಸ್ ಮತ್ತು ಪೆಂಗ್ 1999ರಲ್ಲಿ ವಿವರಿಸಿ, ಸ್ಕೀಟರ್ ಸಿಂಡ್ರೋಮ್ ಎಂದು ಕರೆದರು. ನೋಡಿದವರಿಗೆ ಗಾಬರಿ ಹುಟ್ಟಿಸಿದರೂ ಇದರಿಂದ ಜೀವಕ್ಕೆ ಅಪಾಯವಿಲ್ಲ.

ಇದನ್ನು ಸೋಂಕೆಂದು ತಿಳಿದು ಆಂಟಿಬಯಾಟಿಕ್ ಕೊಡುವುದು ಬಹಳ ಸಾಮಾನ್ಯವಾದ ತಪ್ಪು. ಗಡಿಯಾರ ನೋಡಿದರೆ ತಪ್ಪು ತಪ್ಪಿಸಬಹುದು. ಅಲರ್ಜಿಯ ಊತ ಕಚ್ಚಿದ ಕೆಲವು ಗಂಟೆಗಳಲ್ಲೇ ಬರುತ್ತದೆ, ತುರಿಕೆ ಅದರ ಮುಖ್ಯ ಲಕ್ಷಣ. ಸೋಂಕಿನ ಊತ ಒಂದೆರಡು ದಿನ ಬಿಟ್ಟು ಶುರುವಾಗಿ, ಮುಟ್ಟಿದರೆ ಬಿಸಿಯಾಗಿ, ತುರಿಕೆಗಿಂತ ನೋವು ಹೆಚ್ಚಾಗಿ, ದಿನದಿಂದ ದಿನಕ್ಕೆ ಹರಡುತ್ತದೆ. ಕೀವು, ಮೇಲಕ್ಕೆ ಏರುವ ಕೆಂಪು ಗೆರೆ ಕಂಡರೆ ಅದು ಸೋಂಕೇ. ಚಿಕ್ಕ ಮಕ್ಕಳಲ್ಲಿ ಹೊಸದಾಗಿ ಒಂದು ಕಡೆ ಕಚ್ಚಿದರೆ ಹಳೆಯ ಕಡಿತಗಳೂ ಮತ್ತೆ ಏಳುವ, ವಾರಗಟ್ಟಲೆ ಉಳಿಯುವ ಗುಳ್ಳೆಗಳೂ ಅಲರ್ಜಿಯ ಒಂದು ರೂಪ. ಇವು ಬೆಳೆದಂತೆ ತಾವಾಗಿ ಕಡಿಮೆಯಾಗುತ್ತವೆ.

ಇನ್ನು ಅಪಾಯದ ಮಾತು. ಊತ ಎಷ್ಟು ದೊಡ್ಡದೆಂದು ಅಳೆಯುತ್ತ ಕೂರುವವರು ನೋಡಬೇಕಾದದ್ದನ್ನು ನೋಡದೆ ಬಿಡುತ್ತಾರೆ. ನೋಡಬೇಕಾದದ್ದು ಕಚ್ಚದ ಜಾಗವನ್ನು. ಕಾಲಿಗೆ ಕಚ್ಚಿದಾಗ ತುಟಿ ಊದಿದರೆ, ಕೈಗೆ ಕಚ್ಚಿದಾಗ ಹೊಟ್ಟೆ, ಬೆನ್ನಿನ ಮೇಲೆ ಪಿತ್ತಗಂಧೆ ಎದ್ದರೆ, ಜೊಲ್ಲಿನ ಪರಿಣಾಮ ಮೈಯೆಲ್ಲ ಹರಡಿದೆ ಎಂದೇ ಅರ್ಥ. ಅದರ ಬೆನ್ನಿಗೆ ಗಂಟಲು ಬಿಗಿದು ಧ್ವನಿ ಒಡೆಯುವುದು, ಎದೆಯಲ್ಲಿ ಸುಂಯ್ ಎನ್ನುವ ಉಬ್ಬಸ, ಹೊಟ್ಟೆ ನುಲಿದು ವಾಂತಿ, ಕಣ್ಣು ಕತ್ತಲಿಟ್ಟು ತಲೆ ಸುತ್ತುವುದು, ಮಗುವಾದರೆ ಇದ್ದಕ್ಕಿದ್ದಂತೆ ಮಂಕಾಗಿ ಜೋತುಬೀಳುವುದು ಬರಬಹುದು. ಕೆಲವೊಮ್ಮೆ ಚರ್ಮದಲ್ಲಿ ಏನೂ ಕಾಣದೆ ನೇರವಾಗಿ ಪ್ರಜ್ಞೆ ತಪ್ಪುವುದೂ ಇದೆ. ಸಾಮಾನ್ಯವಾಗಿ ಇವೆಲ್ಲ ಕಚ್ಚಿದ ಅರ್ಧ ಗಂಟೆಯೊಳಗೆ ತೋರುತ್ತವೆ.

ನೊಣದ ಕಡಿತದಿಂದ ಇಂಥ ಆಘಾತ ಆಗುವುದು ಜೇನು, ಕಣಜಗಳ ಕುಟುಕಿಗೆ ಹೋಲಿಸಿದರೆ ಬಹಳ ಕಡಿಮೆ. ವರದಿಯಾದವುಗಳಲ್ಲಿ ದನದ ನೊಣದ ಕುಲದವು ಎದ್ದು ಕಾಣುತ್ತವೆ. ದನದ ನೊಣದ ಜೊಲ್ಲಿನ ಕೆಲವು ಪ್ರೋಟೀನುಗಳು ಕಣಜದ ವಿಷದ ಪ್ರೋಟೀನುಗಳನ್ನು ಹೋಲುವುದರಿಂದ, ಕಣಜಕ್ಕೆ ಅಲರ್ಜಿ ಇರುವವರು ಈ ನೊಣದ ಬಗ್ಗೆಯೂ ಎಚ್ಚರದಿಂದಿರುವುದು ಮೇಲು. ಅಜಂತಾ ಗುಹೆಗಳಂಥ ಕಡೆ ಹೆಜ್ಜೇನು ಏಳುವುದೂ ಉಂಟು. ಕಚ್ಚಿದ್ದು ನೊಣವೋ ಜೇನೋ ಎಂಬ ಚರ್ಚೆಗೆ ಆ ಹೊತ್ತಿನಲ್ಲಿ ಜಾಗವಿಲ್ಲ, ಎರಡಕ್ಕೂ ತುರ್ತು ಚಿಕಿತ್ಸೆ ಒಂದೇ.

ಚಿಕಿತ್ಸೆ

ಸಹಜ ಗುಳ್ಳೆಗೆ ಸೋಪು ಹಚ್ಚಿ ನೀರಿನಲ್ಲಿ ತೊಳೆದು, ತಣ್ಣೀರ ಬಟ್ಟೆ ಇಟ್ಟು, ಉಗುರು ತಾಗಿಸದೆ ಬಿಟ್ಟರೆ ಸಾಕು. ತುರಿಕೆ ತಡೆಯದಿದ್ದರೆ ಕ್ಯಾಲಮೈನ್ ಲೋಷನ್. ದೊಡ್ಡ ಊತಕ್ಕೆ ವೈದ್ಯರ ಸಲಹೆಯಂತೆ ಸೆಟ್ರಿಜಿನ್ ಮಾತ್ರೆ, ಸ್ಟೀರಾಯ್ಡ್ ಮುಲಾಮು. ಸುಣ್ಣ ಹಚ್ಚುವುದು, ಬೀಡಿಯಿಂದ ಸುಡುವುದು ಗಾಯವನ್ನು ದೊಡ್ಡದು ಮಾಡುತ್ತವೆಯೇ ಹೊರತು ಜೊಲ್ಲನ್ನು ಹೊರತೆಗೆಯುವುದಿಲ್ಲ.

ಆಘಾತಕ್ಕೆ ಮದ್ದು ಒಂದೇ: ಅಡ್ರಿನಲಿನ್. ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ ಇರುವ ದ್ರಾವಣವನ್ನು ದೊಡ್ಡವರಿಗೆ ಅರ್ಧ ಮಿ.ಗ್ರಾಂವರೆಗೆ, ಮಕ್ಕಳಿಗೆ ಪ್ರತಿ ಕಿಲೋ ತೂಕಕ್ಕೆ 0.01 ಮಿ.ಗ್ರಾಂ ಲೆಕ್ಕದಲ್ಲಿ 0.3 ಮಿ.ಗ್ರಾಂವರೆಗೆ, ತೊಡೆಯ ನಡುಭಾಗದ ಹೊರಮಗ್ಗುಲ ಸ್ನಾಯುವಿಗೆ ಕೊಡುತ್ತಾರೆ. ಗುಣ ಕಾಣದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಕೊಡುವುದುಂಟು. ಸೆಟ್ರಿಜಿನ್ ಆಗಲಿ, ಏವಿಲ್ ಆಗಲಿ, ಸ್ಟೀರಾಯ್ಡ್ ಆಗಲಿ ಇದರ ಜಾಗದಲ್ಲಿ ನಿಲ್ಲಲಾರವು. ಅವು ತುರಿಕೆ ಇಳಿಸುತ್ತವೆ, ಮುಚ್ಚುತ್ತಿರುವ ಗಂಟಲನ್ನು ತೆರೆಯುವುದಿಲ್ಲ. ಮಾತ್ರೆ ನುಂಗಿಸಿ ‘ಸ್ವಲ್ಪ ಕಾದು ನೋಡೋಣ’ ಎನ್ನುವ ಆ ಕಾಲು ಗಂಟೆಯೇ ಜೀವಕ್ಕೆ ಎರವಾಗಬಹುದು. ತಾನಾಗಿ ಚುಚ್ಚಿಕೊಳ್ಳುವ ಅಡ್ರಿನಲಿನ್ ಪೆನ್ನು ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ಆಂಪೂಲಿನ ರೂಪದಲ್ಲಿ ಅದೇ ಔಷಧಿ ಅಗ್ಗ. ಹಿಂದೆ ಆಘಾತವಾದವರಿಗೆ ಕೆಲವು ವೈದ್ಯರು ಆಂಪೂಲು, ಸಿರಿಂಜು ಕೊಟ್ಟು, ಮನೆಯವರಿಗೆ ಚುಚ್ಚುವುದನ್ನು ಕಲಿಸಿ ಕಳಿಸುತ್ತಾರೆ.

108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಬರುವತನಕ ರೋಗಿಯನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿಡಬೇಕು. ಉಸಿರಾಟ ಕಷ್ಟವಾಗಿದ್ದರೆ ಒರಗಿ ಕೂರಿಸಬಹುದು, ವಾಂತಿಯಾಗುತ್ತಿದ್ದರೆ ಪಕ್ಕಕ್ಕೆ ಹೊರಳಿಸಬೇಕು. ಎಬ್ಬಿಸಿ ನಿಲ್ಲಿಸುವುದು, ಘಾಟಿನ ಮೆಟ್ಟಿಲು ಹತ್ತಿಸಿ ನಡೆಸಿಕೊಂಡು ಹೋಗುವುದು ಬೇಡ. ಕುಸಿದ ರಕ್ತದೊತ್ತಡದಲ್ಲಿ ಎದ್ದು ನಿಂತರೆ ಹೃದಯಕ್ಕೆ ರಕ್ತ ಸಾಲದೆ ಅಲ್ಲೇ ಕುಸಿಯುವ ಭಯವಿದೆ. ಸುಧಾರಿಸಿದ ಮೇಲೂ ಕೆಲವು ಗಂಟೆ ಆಸ್ಪತ್ರೆಯಲ್ಲಿರುವುದು ಅಗತ್ಯ, ಏಕೆಂದರೆ ಲಕ್ಷಣಗಳು ಎರಡನೆಯ ಸಲ ಮರಳುವುದುಂಟು. ಬೀಟಾ ಬ್ಲಾಕರ್ ಗುಂಪಿನ ರಕ್ತದೊತ್ತಡದ ಮಾತ್ರೆ ನುಂಗುವ ಹಿರಿಯರಲ್ಲಿ ಅಡ್ರಿನಲಿನ್ ಪೂರ್ತಿ ಕೆಲಸ ಮಾಡದೇ ಇರಬಹುದು. ಅವರು ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಚಿಕಿತ್ಸೆ ಕೊಡುವವರಿಗೆ ಅದರ ಹೆಸರು ಹೇಳಬೇಕು. ಜೇನು, ಕಣಜಗಳ ಅಲರ್ಜಿಗೆ ವಿಷವನ್ನೇ ಹನಿಹನಿಯಾಗಿ ಕೊಟ್ಟು ಮೈ ಒಗ್ಗಿಸುವ ಚಿಕಿತ್ಸೆ ಇದೆ. ದನದ ನೊಣಕ್ಕೆ ಅಂಥ ಸಿದ್ಧ ಔಷಧಿ ಇಲ್ಲದ್ದರಿಂದ ತಡೆಯೇ ಅದರ ದೊಡ್ಡ ಮದ್ದು.

ತಡೆ

ತಿಳಿ ಬಣ್ಣದ, ತುಂಬು ತೋಳಿನ ಸಡಿಲ ಬಟ್ಟೆ ಎಲ್ಲಕ್ಕಿಂತ ಮೊದಲು. ದನದ ನೊಣಕ್ಕೂ ಕರಿನೊಣಕ್ಕೂ ಕಡು ಬಣ್ಣ ಇಷ್ಟ. ಪಟ್ಟೆ ಕಂಡರೆ ಅವು ಇಳಿಯಲು ತಡವರಿಸುತ್ತವೆ: ಜಪಾನಿನಲ್ಲಿ ಕಪ್ಪು ಹಸುಗಳಿಗೆ ಜೀಬ್ರಾದಂತೆ ಬಿಳಿ ಪಟ್ಟೆ ಬಳಿದಾಗ ಮೈಮೇಲೆ ಕೂರುವ ಕಚ್ಚುನೊಣಗಳು ಸುಮಾರು ಅರ್ಧಕ್ಕೆ ಇಳಿದದ್ದು 2019ರಲ್ಲಿ ಪ್ರಕಟವಾಯಿತು. ನಮ್ಮ ದನಗಾಹಿಗಳು ಖರ್ಚಿಲ್ಲದೆ ಮಾಡಿ ನೋಡಬಹುದಾದ ಪ್ರಯೋಗ ಇದು. ನುಸಿ, ಮರಳುನೊಣಗಳು ಗಾಳಿಗೆ ಎದುರಾಗಿ ಹಾರಲಾರವು, ಮಲಗುವಲ್ಲಿ ಒಂದು ಫ್ಯಾನು ಬಹಳ ಕೆಲಸ ಮಾಡುತ್ತದೆ. ಆದರೆ ಸಾಧಾರಣ ಸೊಳ್ಳೆ ಪರದೆಯ ಕಣ್ಣುಗಳಲ್ಲಿ ಇವೆರಡೂ ನುಸುಳುತ್ತವೆ. ಇನ್ನೂ ಸಣ್ಣ ಕಣ್ಣಿನ ಅಥವಾ ಕೀಟನಾಶಕ ಲೇಪಿಸಿದ ಪರದೆ ಬೇಕು.

ಮೈಗೆ ಹಚ್ಚುವ ಮುಲಾಮುಗಳಲ್ಲಿ ಡೀಟ್ ಹಳೆಯದು. ಎರಡನೆಯ ಮಹಾಯುದ್ಧದ ಕಾಲದ ಅಮೆರಿಕದ ಸೇನೆಯ ಅಗತ್ಯದಿಂದ ಬಂದು 1957ರಲ್ಲಿ ಜನಬಳಕೆಗೆ ಸಿಕ್ಕಿತು. ಗ್ವಾಲಿಯರಿನ ರಕ್ಷಣಾ ಸಂಶೋಧನಾ ಪ್ರಯೋಗಾಲಯ ಡೆಪಾ ಎಂಬ ದೇಶೀಯ ವಿಕರ್ಷಕವನ್ನು ರೂಪಿಸಿತು. ಇವು ಸೊಳ್ಳೆ, ನುಸಿ, ಕರಿನೊಣಗಳನ್ನು ಚೆನ್ನಾಗಿ ತಡೆದರೂ ದನದ ನೊಣವನ್ನು ಅಷ್ಟಾಗಿ ತಡೆಯುವುದಿಲ್ಲ. ಅದಕ್ಕೆ ಬಟ್ಟೆಯೇ ಗತಿ. ನದಿಯಲ್ಲಿ ಮಿಂದು ಬಂದರೆ ಮುಲಾಮು ತೊಳೆದುಹೋಗಿರುತ್ತದೆ. ಮೈ ಒರೆಸಿಕೊಂಡು ಮತ್ತೆ ಹಚ್ಚಬೇಕು. ಬೇವಿನ ಹೊಗೆ ನೊಣ ಓಡಿಸುವುದಕ್ಕಿಂತ ಮೊದಲು ಉಬ್ಬಸದವರನ್ನು ಕೆಮ್ಮಿಸುತ್ತದೆ, ಮುಚ್ಚಿದ ಕೋಣೆಯಲ್ಲಿ ಹಾಕಬಾರದು.

ಬೇರುಮಟ್ಟದ ತಡೆ ಇರುವುದು ಕೊಟ್ಟಿಗೆಯಲ್ಲಿ. ಕೊಟ್ಟಿಗೆ ನೊಣದ ಮೊಟ್ಟೆ ಬಿಸಿಯ ದಿನಗಳಲ್ಲಿ ಎರಡು ಮೂರು ವಾರದೊಳಗೆ ನೊಣವಾಗುತ್ತದೆ. ಸಗಣಿ, ಗಂಜಲ, ಒದ್ದೆ ಹುಲ್ಲು ಬೆರೆತ ರಾಶಿಯನ್ನು ವಾರಕ್ಕೊಮ್ಮೆ ಎತ್ತಿ ತೆಳ್ಳಗೆ ಹರಡಿ ಒಣಗಿಸಿದರೆ ಆ ಚಕ್ರ ಮುರಿಯುತ್ತದೆ. ದ್ರಾಕ್ಷಿ ತೋಟದ ಗೊಬ್ಬರಗುಂಡಿ ಮುಚ್ಚಿಡುವುದು, ಘಾಟಿನ ಹೂವು, ನಿರ್ಮಾಲ್ಯಗಳನ್ನು ಕೊಳೆಯಲು ಬಿಡದೆ ಅಂದಂದೇ ಎತ್ತುವುದು, ಗೋಡೆಯ ಬಿರುಕು ಮೆತ್ತುವುದು ಇದೇ ಸಾಲಿನ ಕೆಲಸಗಳು. 2022ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ಕಡೆ ದನಗಳನ್ನು ಬಲಿತೆಗೆದುಕೊಂಡ ಚರ್ಮಗಂಟು ರೋಗವನ್ನು ಹರಡುವುದರಲ್ಲೂ ಕೊಟ್ಟಿಗೆ ನೊಣದ ಪಾಲಿತ್ತು. ಕೊಟ್ಟಿಗೆ ಶುಚಿಯಾದರೆ ದನವೂ ಉಳಿಯುತ್ತದೆ, ಮಗುವಿನ ಕಾಲೂ. ಗೋದಾವರಿಗೆ ಕೀಟನಾಶಕ ಸುರಿಯುವುದು ಮಾತ್ರ ಎಂದಿಗೂ ಪರಿಹಾರವಲ್ಲ.

ಗೋದಾವರಿ ಸ್ನಾನಕ್ಕೆ ಹೊರಡುವ ಕನ್ನಡ ಕುಟುಂಬಗಳಿಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಹಿಂದೆ ಕೀಟ ಕಚ್ಚಿ ಮೈಯೆಲ್ಲ ಗಂಧೆ ಎದ್ದಿದ್ದರೆ, ಉಸಿರು ಕಟ್ಟಿದ್ದರೆ, ಹೊರಡುವ ಮೊದಲೇ ವೈದ್ಯರನ್ನು ಕಂಡು, ಅಲರ್ಜಿಯ ವಿವರ ಮತ್ತು ದಿನದ ಮಾತ್ರೆಗಳ ಹೆಸರನ್ನು ಚೀಟಿಯಲ್ಲಿ ಬರೆಸಿ ಅವರ ಜೇಬಿನಲ್ಲೇ ಇಡಿ. ಘಾಟಿನಲ್ಲಿ ಸಹಾಯ ಕೇಳಲು ಎರಡು ಮರಾಠಿ ವಾಕ್ಯ ಸಾಕು: ‘ಮಾಶೀ ಚಾವಲೀ’ ಎಂದರೆ ನೊಣ ಕಚ್ಚಿತು, ‘ಶ್ವಾಸ ಘೇತಾ ಯೇತ ನಾಹೀ’ ಎಂದರೆ ಉಸಿರಾಡಲು ಆಗುತ್ತಿಲ್ಲ.